ಷರಾ

ಮೂರು ಪ್ರತಿ, ಕಪ್ಪು ಶಾಯಿ, ತಿದ್ದಿದಲ್ಲೆಲ್ಲ ಸಹಿ.
ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು, ನಗಬಾರದು.
ಹತ್ತೊಂಬತ್ತು ವರ್ಷದಿಂದ ಇದನ್ನೇ ಹೇಳುತ್ತೇನೆ
ಕಾರವಾರದ ಆಚೆ, ಗೇಟಿನ ಹೊರಗಿನ ತಗಡಿನ ಆಫೀಸಿನಲ್ಲಿ.
ನೌಕಾನೆಲೆಗೆ ಸೇರುವವರು ಮೊದಲು ನನ್ನ ಮೇಜು ದಾಟಬೇಕು,
ದೊಡ್ಡ ಸಾಹೇಬರ ಅಡುಗೆಯವನಾದರೂ.

ನನಗೆ ಜನರ ಎಡಹುಬ್ಬಿನ ಮೇಲಿನ ಮಚ್ಚೆ ಗೊತ್ತು,
ಅವರ ಮಾವನ ಮೇಲಿದ್ದ ಬದುವಿನ ಕೇಸು ಗೊತ್ತು,
ಯಾರ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುವುದಿಲ್ಲ ಎಂಬುದೂ:
ಕಲಗ ಒಡೆದೂ ಒಡೆದೂ ಗೆರೆ ಸವೆದವರದು.
ಬೇಸರವೇನಿಲ್ಲ. ಸ್ಟಾಂಪಿನ ಪ್ಯಾಡು ಒಣಗಿದರೆ ಮಾತ್ರ ಸಿಟ್ಟು.

ಜೂನಿನಲ್ಲಿ ಬಂದಳು ತನುಜಾ ಬುದವಂತ ತಾಂಡೇಲ,
ಗುಮಾಸ್ತೆ ಹುದ್ದೆ, ಪಟ್ಟಿಯಲ್ಲಿ ನಾಲ್ಕನೆಯವಳು.
ಕಾಲಂ ಹದಿನಾಲ್ಕು, ಬಲ್ಲವರಿಬ್ಬರ ಹೆಸರು:
ಇಬ್ಬರೂ ಪುನರ್ವಸತಿ ಕಾಲನಿಯವರು, ಅದೇ ನಳದ ನೀರಿನವರು.
ಕಾಲಂ ಒಂಬತ್ತು, ಹುಟ್ಟಿದ ಸ್ಥಳ: ಉಂಡೀಬಾಗ.

ತಿಂಗಳಾದ ಮೇಲೆ ಪೊಲೀಸರ ವರದಿ ಮರಳಿತು, ಒಂದೇ ಸಾಲು:
'ಸದರಿ ಹೆಸರಿನ ಗ್ರಾಮ ಠಾಣಾ ಸರಹದ್ದಿನಲ್ಲಿ ಕಂಡುಬಂದಿಲ್ಲ.'
ಹೊಸ ಕಾನ್‌ಸ್ಟೇಬಲ್, ಗದಗದ ಕಡೆಯ ಹುಡುಗ,
ಬೈಕಿನಲ್ಲಿ ಎರಡು ದಿನ ಹುಡುಕಿದನಂತೆ, ಪಾಪ.

ಕಾಣುವುದಾದರೂ ಹೇಗೆ?
ನನ್ನ ಕಿಟಕಿಯಿಂದ ತಂತಿಬೇಲಿ, ಬೇಲಿಯಾಚೆ ಕಾವಲುಗೋಪುರ,
ಗೋಪುರದಾಚೆ ಗುಡ್ಡದ ಬೆನ್ನು. ಬೆನ್ನಿನಾಚೆ ಉಂಡೀಬಾಗ ಇತ್ತು.
ಇವಳು ಆರು ತಿಂಗಳ ಕೂಸಾಗಿದ್ದಾಗ
ಅರವತ್ತೆರಡು ಮನೆ ಟೆಂಪೋ ಹತ್ತಿದವು,
ಹೆಂಚು ಬೇರೆ, ಕೋಳಿ ಬೇರೆ.

"ಎಲ್ಲಿದೆ ಅಂತ ನೀವೇ ಬರೆದುಕೊಡಿ ಬಾಯಿ, ಮುಗಿಯಿತಲ್ಲ."

ಬರೆಯುವ ಹಾಗಿಲ್ಲ ಮಗೂ.
ಆ ಜಾಗ ಈಗ ನಕ್ಷೆಯಲ್ಲಿ ಬಿಳಿ.
ಎಷ್ಟು ಮೈಲಿ, ಯಾವ ದಿಕ್ಕು, ಎಲ್ಲ ಗೌಪ್ಯ.
ನಿನ್ನ ತೊಟ್ಟಿಲು ಕಟ್ಟಿದ ಜಂತಿಯ ವಿಳಾಸ
ನಾನು ಬರೆದರೆ ನನ್ನ ಮೇಲೇ ಕಡತ ತೆರೆಯುತ್ತದೆ.

ಮೂರು ದಿನ ಫೈಲು ಡ್ರಾವರಿನಲ್ಲಿತ್ತು.
ನಾಲ್ಕನೆಯ ದಿನ, ಬಂಗುಡೆ ಸಾರಿನ ಡಬ್ಬಿ ಮುಚ್ಚಿ, ಕೈ ತೊಳೆದು
ಷರಾ ಬರೆದೆ: 'ಗ್ರಾಮವು ಈ ಕಾರ್ಯಾಲಯಕ್ಕೆ ಪರಿಚಿತ.'
ಸಾಹೇಬರು ಕನ್ನಡಕ ಏರಿಸಿ ನನ್ನನ್ನು ನೋಡಿದರು.
ಕಾಗದವನ್ನು ನೋಡಿದರು.
ಸಹಿ ಹಾಕಿದರು.

ಸೇರಿದ ದಿನ ಅವಳಿಗೆ ಬಿಲ್ಲೆ, ಕೊರಳಿಗೆ ನೀಲಿ ದಾರ,
ಕೊನೆಗೆ ಮುಚ್ಚಳಿಕೆ: ಒಳಗೆ ಕಂಡದ್ದನ್ನು ಹೊರಗೆ ಆಡೆನು,
ರಕ್ತಸಂಬಂಧಿಗಳಲ್ಲಿಯೂ.
ಪೂರಾ ಓದಿ ಸಹಿ ಮಾಡಿದಳು. ಯಾರೂ ಓದುವುದಿಲ್ಲ.

ಗಣೇಶ ಚೌತಿ ಕಳೆದ ಮೇಲೆ ಬಸ್ಸಿನ ಪಾಸಿಗೆ ಬಂದಳು.
ಕೇಳಬಾರದಿತ್ತು, ಕೇಳಿದೆ:
"ಹೋಗಿದ್ದೆಯಾ, ಆ ಕಡೆ?"
ಬೆರಳಲ್ಲಿ ಬಿಲ್ಲೆಯನ್ನು ತಿರುವಿದಳು, ಫೋಟೋ ಎದೆಯ ಕಡೆಗೆ.
"ಆಯಿ ದಿನಾ ಕೇಳುತ್ತಾಳೆ, ಬಾವಿ ಮುಚ್ಚಿದ್ದಾರಾ ಅಂತ.
ದಿನಾ ಹೇಳುತ್ತೇನೆ, ಅನ್ನ ಬಡಿಸು ಅಂತ."

ನಾನು ಅವಳ ಅರ್ಜಿಯ ಪ್ರತಿ ಎಣಿಸಿದೆ.
ಎರಡೇ ಇದ್ದವು.
ಇರಲಿ ಅಂದೆ.