ಮೊದಲು ಬಂದದ್ದು

ಪೈಪ್ಸಿ ಸರೋವರ ಮೊಳ ದಪ್ಪ ಹೆಪ್ಪುಗಟ್ಟಿದೆ.
ಎಂಡೆಲ್ ತಾತ ತೂತು ಕೊರೆದು, ಗಾಳ ಇಳಿಬಿಟ್ಟು,
ಮೀನಿನ ಡಬ್ಬಿಯ ಮೇಲೆ ಕೂತಿದ್ದಾನೆ.

ದೂರ, ರಷ್ಯಾದ ಕಡೆ, ಎಲ್ಲೋ ಒಂದು ಬಿರುಕು.

‘ಪಿಯೂ! ಕೇಳಿಸ್ತಾ?’ ಅಂದಳು ಲೇಲೊ.
ಇಲ್ಲ.
ಆಮೇಲೆ, ಹಲಗೆಯಡಿ ಪೀಪಾಯಿ ಉರುಳಿದ ಹಾಗೆ
ಕಾಲ ಕೆಳಗೆ ಗುಡುಗಿದಾಗ
‘ಹ್ಞಾಂ, ಈಗ’ ಅಂದ.

ಬಿರುಕು ಒಂದೇ.
ಗಾಳಿಯಲ್ಲಾದರೆ ದನಿಗಳೆಲ್ಲ
ಒಟ್ಟಿಗೇ ಹೊರಟು ಒಟ್ಟಿಗೇ ಮುಟ್ಟುತ್ತವೆ.
ಮಂಜಿನ ಹಾಳೆ ಹಾಗಲ್ಲ:
ಕೀಚಲು ದನಿ ಮುಂದೋಡಿ ಬರುತ್ತದೆ,
ಗಡಸು ದನಿ ಹಿಂದೆ, ಕಾಲೆಳೆಯುತ್ತ.

ಕಿವಿಯೊಳಗಿನ ಬಸವನಹುಳುವಿನ ಸುರುಳಿಯಲ್ಲೂ
ಕೀಚಲಿನ ಮನೆ ಬಾಗಿಲಿಗೇ.
ಒಳಹೋಗುವ ದನಿಯೆಲ್ಲ
ಅಲ್ಲಿನ ಎಳೆಗಳನ್ನು ತುಳಿದೇ ದಾಟಬೇಕು.
ಮೂವತ್ತು ವರ್ಷ ಗರಗಸದ ಮಿಲ್ಲು;
ಹೊಸ್ತಿಲ ಹುಲ್ಲು ಮೊದಲು ಸವೆಯಿತು.
ಮತ್ತೆ ಚಿಗುರುವ ಜಾತಿಯದಲ್ಲ ಅದು.

ತನಗೆ ಕೇಳಿದ ಕೂಡಲೇ
ಲೇಲೊ ಈಗ ಸುಮ್ಮನೆ ಕೈಗವಸಿನ ಬೆರಳೆತ್ತುತ್ತಾಳೆ.
ತಾತ ಬೆರಳು ನೋಡುತ್ತಾನೆ,
ಉಸಿರು ಹಿಡಿದು
ಬೂಟಿನ ಅಟ್ಟೆಯಲ್ಲಿ ಕಾಯುತ್ತಾನೆ.

ಬಂತು.

ಅಷ್ಟರಲ್ಲಿ ಮೀನೊಂದು ಗಾಳ ಕಚ್ಚಿ
ಎರೆ ತಿಂದು ಹೋದದ್ದು
ಇಬ್ಬರಿಗೂ ಗೊತ್ತಾಗಲಿಲ್ಲ.