ಇರುವೆಯ ಕಾಲಿನಷ್ಟು

ಇಪ್ಪತ್ತೆರಡು ವರ್ಷ ಮಾಂಸದ ಕಾರ್ಖಾನೆಯ ಸಾಲಿನಲ್ಲಿ ನಿಂತು
ದನದ ತೊಡೆಯಿಂದ ಎಲುಬು ಬಿಡಿಸಿದ ಕೈ ಇದು.
ಎರಡು ಬೆರಳು ಈಗ ಮಡಚುವುದಿಲ್ಲ.
ಪೆನ್ಸಿಲ್ಲಿಗೆ ಮೂರು ಸಾಕು ಬಾ ಒತಿಲಿಯಾ, ಎಂದು
ಕೆಲಸಕ್ಕೆ ಕರೆದಳು ವೆರ್ನಾ ಆಕರ್ಲುಂಡ್,
ಗೋಧಿ, ಗಾಳಿ, ಮತ್ತೆ ಗೋಧಿಯಷ್ಟೇ ಇರುವ
ಕಾನ್ಸಾಸ್‌ನ ಈ ಮೂಲೆಯ ಚುನಾವಣಾ ಗುಮಾಸ್ತೆ.

ತಲೆ ಎಣಿಸಿದವರು ಕಾಗದ ಕಳಿಸಿದ್ದರು:
ನಿಮ್ಮ ಕೌಂಟಿ ಗೆರೆ ದಾಟಿದೆ,
ಇನ್ನು ಮೇಲೆ ಮತಪತ್ರ ಎರಡು ಭಾಷೆಯಲ್ಲಿ.
ನಾವೆಲ್ಲಿ ದಾಟಿದೆವು ವೆರ್ನಾ, ಎಂದೆ,
ಇಲ್ಲೇ ಇದ್ದೆವಲ್ಲ, ಥಂಡಿ ಕೋಣೆಯಲ್ಲಿ, ರಬ್ಬರ್ ಬೂಟು ಹಾಕಿಕೊಂಡು.
ಅವಳು ನಗಲಿಲ್ಲ. ಕಾಫಿ ಬಗ್ಗಿಸಿ ಕೊಟ್ಟಳು.

ಗುರುವಾರ ಸಂಜೆ ಅಚ್ಚಿನಿಂದ ಮೊದಲ ಕಟ್ಟು ಬಂತು.
ಎಡಕ್ಕೆ ಇಂಗ್ಲಿಷು.
ಬಲಕ್ಕೆ ನನ್ನಮ್ಮ ನನ್ನನ್ನು ಬೈಯುತ್ತಿದ್ದ ಮಾತು
ಇಸ್ತ್ರಿ ಅಂಗಿ ತೊಟ್ಟು ಕೂತಿತ್ತು, ಗುರುತೇ ಸಿಗದ ಹಾಗೆ.
ಶಾಲೆಯ ಛಾವಣಿಗೆ ಸಾಲ ಎತ್ತಬಹುದೇ?
ಕೆಳಗೆ ಎರಡು ಖಾಲಿ ಸೊನ್ನೆ.
ಒಂದರ ಪಕ್ಕ ನೋ. ಅದು ಎರಡೂ ಕಡೆ ಒಂದೇ;
ಇಲ್ಲ ಅನ್ನಲು ದುಭಾಷಿ ಬೇಕಾಗಿಲ್ಲ.
ಇನ್ನೊಂದರ ಪಕ್ಕ ಸೀ.
ಕಣ್ಣಿಗೆ ಹತ್ತಿರ ಹಿಡಿದೆ.
ಐ ಅಕ್ಷರದ ನೆತ್ತಿಯಲ್ಲಿ ಇರಬೇಕಾದ ಓರೆಗೆರೆ ಇಲ್ಲ,
ಬರೀ ಚುಕ್ಕೆ.

ಗೆರೆಯಿದ್ದರೆ ಹೌದು.
ಗೆರೆ ಬಿದ್ದುಹೋದರೆ ಒಂದು ವೇಳೆ.
ಒಂದು ವೇಳೆ ಸಂಬಳ ಆದರೆ, ಬಸ್ಸು ಸಿಕ್ಕರೆ,
ಒಂದು ವೇಳೆ ವಕೀಲ ಫೋನು ಎತ್ತಿದರೆ:
ನಮ್ಮ ಅರ್ಧ ಆಯುಸ್ಸು
ಆ ಬೋಳು ಅಕ್ಷರದಲ್ಲೇ ಕಳೆದಿದೆ.

ಹನ್ನೊಂದು ಸಾವಿರ ಹಾಳೆ, ಎಂದ ಕಮಿಷನರ್ ಸ್ಟಕಿ,
ಮತ್ತೆ ಅಚ್ಚಿಗೆ? ಇರುವೆಯ ಕಾಲಿನಷ್ಟು ಗೆರೆಗೆ?
ಅರ್ಥವಾಗುತ್ತೆ ಬಿಡಿ ಎಲ್ಲರಿಗೂ.
ನಾನು ಮಡಚದ ಬೆರಳು ನೋಡುತ್ತಾ ಕೂತೆ.
ಕತ್ತಿ ಜಾರಿದ್ದು ಅದಕ್ಕಿಂತ ಕಡಿಮೆ.

ವೆರ್ನಾ ಪೆನ್ಸಿಲ್ ಇಸಿದುಕೊಂಡು ತನ್ನ ಹೆಸರು ಬರೆದಳು.
ಮನೆತನದ ಮೊದಲ ಅಕ್ಷರದ ತಲೆಗೊಂದು ಪುಟ್ಟ ಉಂಗುರ ಇಟ್ಟಳು.
ಹಡಗಿನಿಂದ ಇಳಿಯುವಾಗ ಇತ್ತಂತೆ ಇದು, ಸ್ವೀಡನ್ನಿನದು.
ಯಾವನೋ ಗುಮಾಸ್ತ,
ಅರ್ಥವಾಗುತ್ತೆ ಬಿಡಿ, ಅಂದಿರಬೇಕು.
ಆಮೇಲೆ ಅಚ್ಚಿನವನಿಗೆ ಫೋನು ಹಚ್ಚಿದಳು.

ನವೆಂಬರು. ಶಾಲೆಯ ಆಟದ ಅಂಕಣ.
ಸೋರುವ ಕಡೆ ನೀಲಿ ಬಕೆಟ್ಟು.
ಡಾನ್ ಅನ್ಸೆಲ್ಮೊ ಕಿಂತೆರೊ ಬಂದ, ಇಸ್ತ್ರಿ ಮಡಿಕೆಯ ಪ್ಯಾಂಟಿನಲ್ಲಿ,
ಜೊತೆಗೆ ಮೊಮ್ಮಗಳು ಯಾರೆಲಿ.
ಇಷ್ಟು ಚುನಾವಣೆ ಅವಳೇ ಓದಿ ಹೇಳುತ್ತಿದ್ದಳು;
ಮುದುಕನ ಮತ ಪ್ರತಿ ಸಲವೂ
ಹುಡುಗಿಯ ಹಲ್ಲಿನ ತಂತಿಯ ಸಂದಿಯಲ್ಲಿ ನುಸುಳಿ ಬರಬೇಕಿತ್ತು.
ಇವತ್ತು ಅಂಗೈಯಿಂದ ತಡೆದ: ಇಲ್ಲೇ ನಿಲ್ಲು.

ಹದಿನೇಳು ನಿಮಿಷ.
ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಗಡಿಯಾರ ನೋಡಿದರು.
ಅವನು ಬೆರಳಿಟ್ಟು ಓದುತ್ತಿದ್ದ, ತುಟಿ ಅಲ್ಲಾಡಿಸುತ್ತಾ,
ನ್ಯಾಯಾಧೀಶರ, ಚರಂಡಿ ಮಂಡಳಿಯವರ ಹೆಸರನ್ನೂ ಬಿಡದೆ.
ಯಂತ್ರ ಹಾಳೆ ನುಂಗಿತು.
ಯಾವುದಕ್ಕೆ ಹಾಕಿದೆ ತಾತಾ?
ಹ್ಯಾಟು ತಲೆಗೇರಿಸಿದ.
ಅದು ನಿನಗ್ಯಾಕೆ?

ಛಾವಣಿ ಸೋತಿತು, ಮೂವತ್ತೊಂದು ಮತದಿಂದ.
ನೋಡು, ನಿನ್ನ ಗೆರೆ ಏನು ಮಾಡಿತು, ಎಂದ ಸ್ಟಕಿ,
ಕೆಟ್ಟ ಮನಸ್ಸಿನಿಂದಲ್ಲ.
ಇಲ್ಲ ಅನ್ನುವವರಿಗೂ
ಹೌದು ಸರಿಯಾಗಿ ಕಾಣಬೇಕಲ್ಲ ಸ್ವಾಮಿ, ಎಂದೆ.
ಬಕೆಟ್ಟು ತುಂಬಿತ್ತು.
ಆ ಕಡೆ ಕಿವಿ ಅವನು ಹಿಡಿದ, ಈ ಕಡೆ ನಾನು,
ಚೆಲ್ಲದ ಹಾಗೆ ಹೊರಗೆ ಒಯ್ದೆವು.