ಎರಡು ಚಳಿಯಂಗಿ

ಮಕ್ಕಳ ಭೂಗೋಲ ಯಾವುದಾದರೂ ಆದೀತು,
ಹೆಲ್ಸಿಂಕಿಯ ಮೇಲೊಂದು ಬೆರಳಿಟ್ಟು
ಟೋಕಿಯೊವರೆಗೆ ದಾರ ಬಿಗಿದರೆ
ಏಳು ಸಾವಿರದ ಎಂಟುನೂರು ಕಿಲೋಮೀಟರು.
ದಾರಕ್ಕೆ ಗಡಿ ತಿಳಿಯದು.
ಒಂಬತ್ತೂವರೆ ಗಂಟೆ: ಒಂದು ಊಟ, ಅರೆನಿದ್ದೆ,
ಪಕ್ಕದವರ ಗೊರಕೆ, ಒಂದು ತಿಂಡಿ.

ತೂಲಿಕ್ಕಿ ಹಾಗೇ ಎಳೆಯುತ್ತಿದ್ದಳು ಗೆರೆಯನ್ನು
ಹತ್ತೊಂಬತ್ತು ವರ್ಷ, ವಿಮಾನ ನಿಲ್ದಾಣದ ಮೂರನೇ ಮಹಡಿಯಲ್ಲಿ,
ಕಾಫಿ ಆರುವುದರೊಳಗೆ ಒಂದು ದಾರಿ.
ಸೈಬೀರಿಯ ಅವಳಿಗೆ
ಪರದೆಯ ಮೇಲೆ ಸುಮ್ಮನೆ ದಾಟಿಬಿಡುವ ಬಿಳಿ ಜಾಗ.

ಆ ಫೆಬ್ರವರಿಯಲ್ಲಿ ಪೂರ್ವದ ಆಕಾಶಕ್ಕೆ ಬೀಗ ಬಿತ್ತು.
ಎರಡೂ ಊರು ಇದ್ದಲ್ಲಿಂದ ಒಂದಂಗುಲ ಕದಲಲಿಲ್ಲ.
ಆದರೂ ದೂರವಾದವು.

ಕೊಂಕಣ ಸುತ್ತಿ ಮೈಲಾರಕ್ಕೆ ಎಂಬ ಮಾತು
ಅಲ್ಲಿಯವರಿಗೆ ಗೊತ್ತಿಲ್ಲ,
ಗೊತ್ತಿದ್ದರೆ ಅಂದೇ ಅನ್ನುತ್ತಿದ್ದರು.
ಗಾಳಿ ನೋಡಿಕೊಂಡು ಒಂದು ದಿನ ಕ್ಯಾಸ್ಪಿಯನ್ ಬಳಸಿ,
ಇನ್ನೊಂದು ದಿನ ಭೂಮಿಯ ನೆತ್ತಿ ಹತ್ತಿ.
ಹದಿಮೂರು ಗಂಟೆ.
ಎಣ್ಣೆ ಹೆಚ್ಚು ತುಂಬಿ, ಮೀನಿನ ಪೆಟ್ಟಿಗೆ ಇಳಿಸಿ,
ಇಷ್ಟು ಸೀಟು ಖಾಲಿ ಬಿಡಿ ಎಂದು
ಅವಳೇ ಬರೆಯಬೇಕು,
ಯಾರ ಸೀಟೆಂದು ಕೇಳದೆ.

ಶನಿವಾರ ಸಂಜೆ ಸೌನಾದೊಳಗೆ
ಅಪ್ಪ ಔಲಿಸ್, ಎಂಬತ್ತನಾಲ್ಕಾದರೂ
ಮೇಲಿನ ಹಲಗೆಯೇ ಬೇಕು ಅವನಿಗೆ.
ಕಾದ ಕಲ್ಲಿಗೆ ನೀರು ಸುರಿದು
ಚುರ್ರೆಂದದ್ದು ಸುಮ್ಮನಾದ ಮೇಲೆ ಕೇಳಿದ:
"ಎಷ್ಟು ಈಗ?"
"ಹದಿಮೂರು."
ಬೊಚ್ಚುಬಾಯಿ ಅಗಲಿಸಿ ನಕ್ಕ. ಹಲ್ಲು ಹೊರಗೆ ಲೋಟದಲ್ಲಿತ್ತು.
"ನಮಗೂ ಅಷ್ಟೇ ಆಗಿತ್ತು."

ಎಂಬತ್ತಮೂರನೇ ಇಸವಿ.
ಆಗಲೂ ಆ ಬಾಗಿಲು ಹಾಕಿತ್ತು.
ಗೆರೆಗಳೆಲ್ಲ ಒಂದೇ ಚುಕ್ಕಿಗೆ ಬಂದು ಬೀಳುವ ನಕಾಶೆ,
ದಿಕ್ಸೂಚಿಗೆ ಹುಚ್ಚು,
"ಅಲ್ಲಿ ಮುಟ್ಟಿದೆವೆನ್ನು, ಯಾವ ಕಡೆ ಕತ್ತು ತಿರುಗಿಸಿದರೂ
ದಕ್ಷಿಣವೇ ಕಣೇ."
ಬೆನ್ನ ಹಿಂದಿನ ಕಪಾಟಿನಲ್ಲಿ ಎರಡು ದಪ್ಪ ಚಳಿಯಂಗಿ,
ಹಿಮದ ಮೇಲೆ ಇಳಿಯಬೇಕಾಗಿ ಬಂದರೆ ಎಂದು.
ಅಷ್ಟೂ ಜನಕ್ಕೆ ಎರಡು.
ಯಾರು ಹಾಕಿಕೊಳ್ಳಬೇಕೆಂದು
ಅವನೂ ಕ್ಯಾಪ್ಟನ್ನೂ ಒಮ್ಮೆಯೂ ಮಾತಾಡಲಿಲ್ಲ.
"ಈಗೆಷ್ಟು ಇಡುತ್ತಾರೆ?"

ಅವಳು ಸೌಟು ಬಕೆಟ್ಟಿಗೆ ಅದ್ದಿದಳು.
"ಎರಡು."

ಮತ್ತೆ ನೀರು ಹಾಕಲಿಲ್ಲ ಯಾರೂ. ಬೆವರು
ಅವರಿಬ್ಬರ ಮೊಣಕೈಯಿಂದ ಒಂದೇ ಹಲಗೆಗೆ ಇಳಿಯಿತು.

ಆಮೇಲೆ ಬಟ್ಟೆ ಬಿಚ್ಚುವ ಕೋಣೆಯಲ್ಲಿ,
ಸ್ಕೀಗಳ ಹಿಂದಿನಿಂದ, ಸುರುಳಿ ಸುತ್ತಿದ್ದ ಆ ನಕಾಶೆಯನ್ನು
ಅವನೇ ಎಳೆದು ಕೊಟ್ಟ. ಹೊಗೆಯ ವಾಸನೆ.
ನಿನ್ನೆ ಅವಳು ಎಳೆದ ಗೆರೆಯೇ, ಹೆಚ್ಚುಕಡಿಮೆ,
ಪೆನ್ಸಿಲಿನಲ್ಲಿ.
ಅಂಚಿನಲ್ಲಿ ಅವನ ಕೋಳಿಕಾಲಿನ ಅಕ್ಷರ:
ತೂಲಿಕ್ಕಿಗೆ ಇವತ್ತು ಐದು ತುಂಬಿತು.
ಅಥವಾ ನಿನ್ನೆ. ಇಲ್ಲಿ ಹೇಳಲಾಗದು.
ಕೆಳಗೆ, ಧ್ರುವಕ್ಕೆ ಎರಡು ಬೆರಳು ಈಚೆ,
ಕಾಫಿ ಲೋಟದ ಕಂದು ಉಂಗುರ.